ಸಕಾರಣ

ದುಬೈ ದೇರಾದ ನೈಫ್ ರಸ್ತೆ, ಹಿಂದಿನ ಓಣಿ.
ಹದಿನೇಳು ವರ್ಷದಿಂದ ಇಲ್ಲಿ
ಬೆರಳೇ ನನ್ನ ಬಾಯಿ.
ಟೈಪಿಂಗ್ ಸೆಂಟರು: ಮೂರು ಕುರ್ಚಿ, ಕೆಮ್ಮುವ ಒಂದು ಎಸಿ.
ವೀಸಾ, ತಲಾಖು, ಹಳೇ ಲಾರಿಯ ಮಾರಾಟ,
ಹೆಣದ ಪೆಟ್ಟಿಗೆಗೆ ವಿಮಾನದ ಅರ್ಜಿ.
ಯಾರ ಮಾತೂ ನನ್ನದಲ್ಲ,
ಕಾಗುಣಿತವಷ್ಟೇ ನನ್ನದು.

ಮಧ್ಯಾಹ್ನ ಐರಿನ್‌ಬಾಯಿ ಬಂದಳು,
ಹೋರ್ ಅಲ್ ಅಂಜ್‌ನ ಮುನ್ನೂರ ನಾಲ್ಕನೇ ಫ್ಲ್ಯಾಟು.
ಬೆವರು ಒರೆಸಿ ಫೋನು ಹಿಡಿದಳು ಮುಂದೆ.
ಮಾಲೀಕನ ಕಡೆಯವನ ವಾಟ್ಸಾಪು:
ಮಗನಿಗೆ ಮದುವೆ. ಫ್ಲ್ಯಾಟು ಬೇಕು. ಮೂವತ್ತು ದಿನ.
ಕೊನೆಗೊಂದು ಕೈ ಮುಗಿದ ಚಿತ್ರ.

ಇದು ನೋಟೀಸಲ್ಲ, ಅಂದೆ. ಕೈ ಮುಗಿದರೂ ಅಲ್ಲ.
ನೋಟರಿಯ ಮುದ್ರೆ ಬೇಕು, ಇಲ್ಲವೇ ರಿಜಿಸ್ಟರ್ಡ್ ಅಂಚೆ.
ಮಗನ ಮದುವೆಯೋ ಮನೆಯ ಮಾರಾಟವೋ
ಕಾರಣ ಬರೆದು ಕೊಟ್ಟು
ಹನ್ನೆರಡು ತಿಂಗಳು ಕಾಯಬೇಕು ಅವನು.
ಮಗನಿಗೆಂದು ಬಿಡಿಸಿ, ಎರಡು ವರ್ಷದೊಳಗೆ
ಬೇರೆಯವರನ್ನು ಕೂರಿಸಿದರೆ ಪರಿಹಾರ ಕೇಳಬಹುದು ನೀವು.

‘ಅವನ ಮಗನಿಗೆ ಮೀಸೆಯೇ ಬರ್ಲಿಲ್ಲ ಮಾರಾಯ!’

ಇಜಾರಿ ಕಾಗದ ಉಂಟಲ್ಲ?
ಉಂಟು. ಪ್ಲಾಸ್ಟಿಕ್ಕಿನೊಳಗೆ, ಸಂತ ಅಂತೋನಿಯ ಚೀಟಿಯ ಜೊತೆ,
ಎಂಟು ವರ್ಷದ ಎಂಟು ಕಾಗದ.

ಟೈಪಿಸುತ್ತ ಹೋದೆ.
ಇಂಗ್ಲಿಷು ಬಲಕ್ಕೆ ಓಡುತ್ತದೆ, ಅರಬಿ ಎಡಕ್ಕೆ,
ನಡುವೆ ಸಿಕ್ಕ ನನ್ನ ತಲೆಯಲ್ಲಿ
ಕನ್ನಡದ್ದೊಂದೇ ಪದ ಕೂತಿತ್ತು: ಒಕ್ಕಲೆಬ್ಬಿಸುವುದು.
ಎಂಥಾ ಪದ!
ಮಲಗಿದವರ ಭುಜ ತಟ್ಟಿ
ಏಳಿ, ಹೊತ್ತಾಯಿತು, ಎಂದ ಹಾಗೆ.

ನನ್ನ ಅಜ್ಜ ಚಾಲಗೇಣಿ ಒಕ್ಕಲು.
ಮೂಲಗೇಣಿಯವರ ಜಗಲಿಯಲ್ಲಿ ಕೂತವನಲ್ಲ.
ಡಿಕ್ಲರೇಶನ್ ಕೊಟ್ಟು ಬಂದ ರಾತ್ರಿ
ಅಂಗಳದಲ್ಲಿ ಒಂದು ಗೂಟ ಹೊಡೆದನಂತೆ.
ಕಟ್ಟಲು ಎಮ್ಮೆ ಇರಲಿಲ್ಲ.
ಸುಮ್ಮನೆ, ಗೂಟ.

ಪತ್ರದ ನಾಲ್ಕನೇ ಸಾಲು:
ಕರಾರಿನ ಯಾವ ಷರತ್ತನ್ನೂ ಬಾಡಿಗೆದಾರರು ಮೀರಿಲ್ಲ.

ಬೆರಳು ನಿಂತಿತು.
ಐರಿನ್‌ಬಾಯಿ ಕ್ಯಾಲೆಂಡರು ನೋಡಿದಳು.
ನಾನು ಎಸಿ ನೋಡಿದೆ.

ಮುನ್ನೂರ ನಾಲ್ಕರ ಹಾಲಿನಲ್ಲಿ ನೀಲಿ ಪರದೆ,
ಆಚೆಗೆ ಮೂರು ಜೋಡಿ ಬಂಕು.
ಗೋಡೆ ಬದಿಯ ಕೆಳಗಿನದು ಸಿಲೆಟಿನ ಕ್ಷೌರಿಕ ಮೊನಿರುಲ್‌ದು,
ಮೇಲಿನದು ನನ್ನದು.
ತಿಂಗಳಿಗೆ ಏಳುನೂರು. ರಶೀದಿ ಇಲ್ಲ.
ಪಾರ್ಲರಿನ ಸಂಬಳಕ್ಕೆ ಆ ಫ್ಲ್ಯಾಟು ಎಟುಕುವುದಿಲ್ಲ;
ಅವಳ ಹಕ್ಕು ನಿಂತಿರುವುದು
ನಮ್ಮ ಮಂಚದ ಕಾಲುಗಳ ಮೇಲೆ.

ಬಿಡಿಸಲು ಸಕಾರಣಗಳ ಪಟ್ಟಿಯೊಂದುಂಟು ಕಾನೂನಿನಲ್ಲಿ.
ಎಷ್ಟು ಸಲ ಟೈಪಿಸಿದ್ದೇನೋ, ಕಣ್ಣು ಮುಚ್ಚಿದರೂ ಬರುತ್ತದೆ.
ಒಪ್ಪಿಗೆಯಿಲ್ಲದ ಒಳಬಾಡಿಗೆ, ಅದರಲ್ಲೊಂದು.
ಅಂದರೆ ನಾನೂ ಇದ್ದೇನೆ ಕಾನೂನಿನೊಳಗೆ.
ಒಕ್ಕಲಾಗಿ ಅಲ್ಲ,
ಕಾರಣವಾಗಿ.

ನನಗೆ ಹನ್ನೆರಡು ತಿಂಗಳಿಲ್ಲ, ಮೂವತ್ತು ದಿನವೂ ಇಲ್ಲ.
ಹಾಸಿಗೆ ಮಡಚು ಅಂದರೆ ಮುಗಿಯಿತು.
ಹೋದ ರಮ್ಜಾನಿನಲ್ಲಿ ತಪಾಸಣೆಯ ಸುದ್ದಿ ಬಂದ ರಾತ್ರಿ
ಖೋರಿನ ದಂಡೆಯ ಮೇಲೆ, ದೋಣಿಗಳ ಎದುರು,
ಆರು ಜನ ಗಂಟುಮೂಟೆಗೊರಗಿ ಬೆಳಗು ಮಾಡಿದ್ದೆವು.
ಐರಿನ್‌ಬಾಯಿ ಫ್ಲಾಸ್ಕಿನಲ್ಲಿ ಚಹಾ ತಂದಿದ್ದಳು,
ಸಕ್ಕರೆ ಸ್ವಲ್ಪ ಹೆಚ್ಚೇ ಹಾಕಿ.
ಆ ರಾತ್ರಿಯ ಬಾಡಿಗೆ ಮಾತ್ರ ಬಿಡಲಿಲ್ಲ.

‘ಮೀರಿಲ್ಲ’ ಎಂದೇ ಹೊಡೆದೆ.
ಕಾಗುಣಿತ ಸರಿಯಿತ್ತು.

ಪ್ರಿಂಟಿನ ಬಿಸಿ ಆರುವ ಮೊದಲೇ ಮಡಚಿ
ಸಂತನ ಪಕ್ಕದಲ್ಲಿಟ್ಟುಕೊಂಡಳು.
ಎಷ್ಟಾಯ್ತು?
ನಲವತ್ತು.
ಬಾಡಿಗೆಯಲ್ಲಿ ಮುರ್ಕೊ.

ಬಾಗಿಲು ತಳ್ಳಿದವಳು ತಿರುಗಿ, ದನಿ ತಗ್ಗಿಸಿ,
‘ಇನ್ನು ಕೆಲವು ದಿನ ಲಿಫ್ಟು ಬೇಡ.
ವಾಚ್‌ಮನ್ ತಲೆ ಎಣಿಸ್ತಾನೆ.
ಮೆಟ್ಟಿಲಲ್ಲಿ ಬಾ,
ಚಪ್ಪಲಿ ಕೈಯಲ್ಲಿ ಹಿಡ್ಕೊಂಡು.’